ಹನುಮಪ್ಪನ ನಾಣ್ಯ, ಚಾರ್‌ಮಿನಾರ್ ರೂಪಾಯಿ

ಹೋದ ವರ್ಷ ಹತ್ತಿ ಮಾರಿದ ವಾರದಲ್ಲೇ ಕಾಕಾ ಫೋನ್ ಮಾಡಿದರು. ಅವರದು ಶಹಾಪುರ ತಾಲ್ಲೂಕಿನ ಹಳ್ಳಿ. ನಾನಿರುವುದು ಯಾದಗಿರಿಯಲ್ಲಿ.

"ಲಗೂ ಬಾ. ಅವ್ವನ ಪೆಟ್ಟಿಗ್ಯಾಗ ಹನುಮಪ್ಪನ ನಾಣ್ಯ ಸಿಕ್ಕದ. ಒಂಬತ್ತು ಲಕ್ಷ ಕೊಡ್ತೀನಂತ ಒಬ್ಬ ಹೇಳ್ಯಾನ."

"ಯಾರ್ರಿ ಕಾಕಾ ಅವ?"

"ಫೋನ್‌ನ್ಯಾಗ ಸಿಕ್ಕಾನ. ನೋಂದಣಿ ಫೀಸ್ ನಾಲ್ಕೂವರೆ ಸಾವಿರ ಹಾಕೀನಿ. ಈಗ ಟ್ಯಾಕ್ಸ್ ಹದಿನೆಂಟು ಸಾವಿರ ಹಾಕು ಅಂತಾನ."

ಎದೆ ಧಸಕ್ಕೆಂದಿತು. ಹತ್ತಿಯ ರೊಕ್ಕ ಇನ್ನೂ ಖಾತೆಯಲ್ಲೇ ಇತ್ತು. "ನಾ ಬರೋತನಕ ಒಂದು ರೂಪಾಯಿನೂ ಹಾಕಬ್ಯಾಡ್ರಿ" ಅಂದು ಬಸ್ಸು ಹತ್ತಿದೆ.

ನಾಣ್ಯವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಕುಂಕುಮ ಹಚ್ಚಿ ಜಗಲಿಯ ಮೇಲೆ ಇಟ್ಟಿದ್ದರು. ಒಂದು ಬದಿಗೆ ಗುಡ್ಡ ಹೊತ್ತ ಹನುಮಪ್ಪ. ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ 'ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818'. ಅದೇ ಪೆಟ್ಟಿಗೆಯಲ್ಲಿ ಚಾರ್‌ಮಿನಾರ್ ಚಿತ್ರದ ಮೂರು ಕಪ್ಪಾದ ಬೆಳ್ಳಿ ನಾಣ್ಯಗಳೂ ಇದ್ದವು. ಅವುಗಳ ಜೊತೆ ಹುಡುಗರು ಆಡುತ್ತಿದ್ದರು.

ಎಲ್ಲದರ ಫೋಟೊ ತೆಗೆದು, ನನಗೆ ಕಾಲೇಜಿನಲ್ಲಿ ಇತಿಹಾಸ ಕಲಿಸಿದ ಸರ್ ಹತ್ತಿರ ಹೋದೆ. ಅವರು ಖೋಟಾ ಎಂದು ಒಮ್ಮೆಲೇ ಹೇಳಲಿಲ್ಲ. ಒಂದು ಪುಸ್ತಕ ತೆಗೆದು ಹಳೆಯ ಗ್ರೀಕ್ ನಾಣ್ಯಗಳ ಚಿತ್ರ ತೋರಿಸಿದರು.

"ದೇವರ ಮಾರಿ ಆಮೇಲೆ ನೋಡು. ಮೊದಲು ಕೈಯಾಗ, ಮೈಮ್ಯಾಲ ಏನದ ನೋಡು" ಅಂದರು. ತಲೆಗೆ ಶಿರಸ್ತ್ರಾಣ ಇದ್ದು, ಹಿಂದಿನ ಬದಿಗೆ ಗೂಬೆ ಇದ್ದರೆ ಅದು ಅಥೆನ್ಸ್ ಊರಿನ ದೇವತೆ ಅಥೀನಾ. ತಲೆಯ ಮೇಲೆ ಸಿಂಹದ ಚರ್ಮ ಹೊದ್ದವನು ವೀರ ಹೆರಾಕ್ಲೀಸ್. ಅವನ ಹಿಂದೆ ಹದ್ದು ಹಿಡಿದು ಕುಳಿತ ದೇವರಾಜ ಜ್ಯೂಸ್ ಇದ್ದರೆ ಅದು ಅಲೆಕ್ಸಾಂಡರನ ಬೆಳ್ಳಿ ನಾಣ್ಯ. ನಮ್ಮ ಗುಡಿಗಳಲ್ಲಿ ಶಂಖ-ಚಕ್ರ ನೋಡಿ ವಿಷ್ಣು ಅಂತೀವಲ್ಲ, ಹಾಗೇ.

ಚಿತ್ರ ಗುರುತಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಅಥೆನ್ಸಿನ ನಾಣ್ಯದ ಮೇಲೆ ಆ ಊರಿನ ಹೆಸರಿನ ಮೂರು ಅಕ್ಷರ ಇರುತ್ತವೆ. ತೂಕ ಸುಮಾರು 17 ಗ್ರಾಂ. ಚಿತ್ರ, ಅಕ್ಷರ, ತೂಕ, ಲೋಹ ಎಲ್ಲವೂ ಒಂದೇ ಮಾತು ಹೇಳಬೇಕು.

ಆಮೇಲೆ ಸರ್ ಇನ್ನೊಂದು ಚಿತ್ರ ತೋರಿಸಿದರು. ಗ್ರೀಕ್ ರಾಜನ ನಾಣ್ಯದ ಮೇಲೆ ಕೃಷ್ಣ! ಇನ್ನೊಂದು ಬದಿಗೆ ನೇಗಿಲು ಹಿಡಿದ ಬಲರಾಮ. 1970ರಲ್ಲಿ ಅಫ್ಘಾನಿಸ್ತಾನದ ಐ ಖಾನೂಮ್ ಎಂಬಲ್ಲಿ ಅಗೆಯುವಾಗ ಇಂಥ ಆರು ನಾಣ್ಯ ಸಿಕ್ಕವು. ಎರಡು ಸಾವಿರ ವರ್ಷಕ್ಕೂ ಹಿಂದೆ ಅಗಾಥೊಕ್ಲೀಸ್ ಎಂಬ ರಾಜ ಹಾಕಿಸಿದ್ದವು. ಒಂದು ಬದಿಗೆ ಗ್ರೀಕ್, ಇನ್ನೊಂದು ಬದಿಗೆ ಬ್ರಾಹ್ಮಿ ಅಕ್ಷರ. ಎರಡರಲ್ಲೂ ಅದೇ ರಾಜನ ಹೆಸರು.

"ಹಂಗಾದ್ರ ಕಾಕಾನ ಹನುಮಪ್ಪ?" ಎಂದೆ.

ಹನುಮಪ್ಪನ ಖರೇ ನಾಣ್ಯಗಳೂ ಇವೆ. ವಿಜಯನಗರದ ಮೊದಲ ಅರಸರಾದ ಹರಿಹರ, ಬುಕ್ಕರು ಹಾಕಿಸಿದ್ದರು. ಕಂಪನಿಯವರೂ ಮದ್ರಾಸಿನಲ್ಲಿ ವಿಷ್ಣುವಿನ ಚಿತ್ರದ ವರಹ ಹಾಕಿಸಿದ್ದುಂಟು. ಆದರೆ 1818ರಲ್ಲಿ ಕಂಪನಿ ಹನುಮಪ್ಪನ ಅರ್ಧ ಆಣೆ ಹಾಕಿಸಲೇ ಇಲ್ಲ. ದೇಶಕ್ಕೆಲ್ಲ ಒಂದೇ ನಮೂನೆಯ ಕಂಪನಿ ನಾಣ್ಯ ಬಂದದ್ದು 1835ರಿಂದ. ಚಿತ್ರ ಒಂದು ಮಾತು, ಅಕ್ಷರ ಒಂದು ಮಾತು, ವರ್ಷ ಇನ್ನೊಂದು ಮಾತು ಹೇಳುತ್ತಿದ್ದವು.

ಊರಿಗೆ ಹೋಗಿ ಹೇಳಿದಾಗ ಕಾಕಾ ಬಹಳ ಹೊತ್ತು ಸುಮ್ಮನೆ ಕುಳಿತರು. "ದೇವರ ಚಿತ್ರ ಅದ ಅಂತ ನಂಬಿದೆಪಾ" ಅಂದರು. ಮೋಸಗಾರರಿಗೂ ಅದೇ ಬೇಕಿತ್ತು.

ಹಳೆ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ರೊಕ್ಕ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ನಾವೂ ಮಾಡಿದೆವು, ತಡವಾಗಿತ್ತು. ನಾಲ್ಕೂವರೆ ಸಾವಿರ ತಿರುಗಿ ಬರಲಿಲ್ಲ. ಹದಿನೆಂಟು ಸಾವಿರ ಉಳಿಯಿತು.

ಇನ್ನೊಂದು ಮಾತು. ಭೀಮಾ ದಂಡೆಯ ಸನ್ನತಿ ನಮಗೆ ದೂರವಿಲ್ಲ. ಅಲ್ಲಿ ಶಾತವಾಹನರ ನಾಣ್ಯಗಳು ಸಿಕ್ಕಿವೆ. ನಿಮ್ಮ ಹೊಲದಲ್ಲೂ ಹಳೆಯದೇನಾದರೂ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಅಳಿಸಿಹೋಗುತ್ತವೆ. ಮುಚ್ಚಿಡಲೂ ಬೇಡಿ, ನೆಲದಲ್ಲಿ ಸಿಕ್ಕ ನಿಧಿಯ ಸುದ್ದಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯಿದೆಯೇ ಇದೆ.

ಅವತ್ತು ಸಂಜೆ ಚಾರ್‌ಮಿನಾರ್ ನಾಣ್ಯಗಳನ್ನು ಪಕ್ಕದ ಮನೆಯ ಚಾಚಾಗೆ ತೋರಿಸಿದೆ. ಅವರಿಗೆ ಉರ್ದು ಬರುತ್ತದೆ. ಕನ್ನಡಕ ಏರಿಸಿ, ಚಾರ್‌ಮಿನಾರಿನ ಬಾಗಿಲೊಳಗಿನ ಪುಟ್ಟ ಅಕ್ಷರಕ್ಕೆ ಬೆರಳಿಟ್ಟರು. "ಇದು ಐನ್. ಉಸ್ಮಾನ್ ಅಲಿ ಖಾನ್ ಹೆಸರಿನ ಮೊದಲನೇ ಅಕ್ಷರ. ಹಿಜರಿ 1337." ಅಂದರೆ 1918-19. ನಿಜಾಮರ ಹಾಲಿ ಸಿಕ್ಕಾ. ಚಿತ್ರ, ಅಕ್ಷರ, ವರ್ಷ ಒಂದಕ್ಕೊಂದು ಕೂಡಿಬಂದವು.

ಕಾಕಾ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡರು. "ನಮ್ಮಜ್ಜ ಸುರಪುರ ಸಂತ್ಯಾಗ ಎತ್ತು ಮಾರಿ ತಂದ ರೊಕ್ಕ ಇದು. ಅವ್ವ ಹೇಳ್ತಿದ್ದಳು. ಮರ್ತೇ ಬಿಟ್ಟಿದ್ದೆ."

ಮೂರೂ ನಾಣ್ಯ ಈಗ ಪೆಟ್ಟಿಗೆಯಲ್ಲಿವೆ. ಹುಡುಗರ ಕೈಗೆ ಕೊಡುವುದಿಲ್ಲ. ಕೇಳಿದರೆ ಎತ್ತಿನ ಕಥೆ ಹೇಳುತ್ತಾರೆ.