ಮರಳಗಾಲದ ಕಲ್ಲು, ಕಡ್ಲೆಪುರಿ ಇತ್ಯಾದಿ

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲದ ಹೆಸರು 2020ರಲ್ಲಿ ಪೇಪರು, ಟೀವಿ ಎಲ್ಲ ಕಡೆ ಬಂದಿತ್ತು, ನಿಮಗೂ ನೆನಪಿರಬಹುದು. ಲಿಥಿಯಂ ಸಿಕ್ಕಿದೆ, 14,100 ಟನ್ ಅಂತ! ಮಂಡ್ಯ ಇನ್ನು ದುಬೈ ಆಗೋಯ್ತು ಅಂತ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡೀತಾ ಮಾತಾಡಿಕೊಂಡವರನ್ನ ನಾನೇ ನೋಡಿದ್ದೀನಿ. 2021ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕ 1,600 ಟನ್. ಅದೂ ಆರಂಭದ ಸರ್ವೆಯ ಅಂದಾಜು.

ಟನ್ನಿನ ಕಥೆ ಬಿಡಿ. ಆ ಲಿಥಿಯಂ ಕಲ್ಲೊಳಗೆ ಹೇಗೆ ಕೂತಿದೆ ಅನ್ನೋದೇ ನನಗೆ ಮಜಾ ಅನ್ನಿಸಿದ್ದು.

ಕೆ.ಆರ್.ಪೇಟೆ ಸಂತೆಯಲ್ಲಿ ನೀಟಾಗಿ ಜೋಡಿಸಿದ ಹಣ್ಣಿನ ಗುಡ್ಡೆ ನೋಡಿ. ಕೆಳಗಿನ ಮೂರು ಹಣ್ಣಿನ ನಡುವಿನ ಗುಳಿಯಲ್ಲಿ ಮೇಲಿನದೊಂದು ಕೂರುತ್ತೆ. ಒಂದೇ ಗಾತ್ರದ ಗುಂಡುಗಳನ್ನ ಇದಕ್ಕಿಂತ ಒತ್ತಾಗಿ ಪೇರಿಸೋಕೆ ಸಾಧ್ಯವೇ ಇಲ್ಲ. ಜಾಗದ ಶೇಕಡಾ 74 ಭಾಗ ತುಂಬುತ್ತೆ. ನಮ್ಮ ಅಲ್ಯೂಮಿನಿಯಂ ಪಾತ್ರೆಯ ಪರಮಾಣುಗಳು ಕೂತಿರೋದೂ ಹೀಗೇ. ಮರಳಗಾಲದ ಸ್ಪೋಡುಮಿನ್ ಅನ್ನೋ ಖನಿಜದಲ್ಲಿ ಹಣ್ಣಿನ ಜಾಗದಲ್ಲಿ ಆಕ್ಸಿಜನ್, ಹೆಚ್ಚುಕಮ್ಮಿ ಅಷ್ಟೇ ಒತ್ತಾಗಿ. ಸಂದಿಗಳಲ್ಲಿ ಸಿಲಿಕಾನ್, ಅಲ್ಯೂಮಿನಿಯಂ, ಮತ್ತೆ ಆರು ಆಕ್ಸಿಜನ್‌ಗಳ ನಡುವೆ ಸಿಕ್ಕಿಹಾಕಿಕೊಂಡ ಪಾಪದ ಲಿಥಿಯಂ. ಬರೀ ಆಸಿಡ್ ಸುರಿದರೆ ಕಲ್ಲು ಜಗ್ಗೋದೇ ಇಲ್ಲ.

ಅದಕ್ಕೆ ಮೊದಲು ಸುಮಾರು 1,050 ಡಿಗ್ರಿಗೆ ಹುರೀತಾರೆ. ಕಾದ ಮರಳಲ್ಲಿ ಅಕ್ಕಿ ಪುರಿ ಆದ ಹಾಗೆ ಕಲ್ಲು ಉಬ್ಬುತ್ತೆ, ಗಾತ್ರ ಸುಮಾರು ಶೇಕಡಾ 30 ಜಾಸ್ತಿ! ಆದರೆ ಪುರಿಯೊಳಗೆ ಗಾಳಿ ತುಂಬಿರುತ್ತೆ, ಇಲ್ಲಿ ಹಾಗಲ್ಲ. ಇರೋ ಪರಮಾಣುಗಳೇ ಎದ್ದು, ಸಡಿಲವಾಗಿ ಬೇರೆ ಥರ ಕೂರುತ್ತವೆ. ಒಂದೂ ಹೊಸದಾಗಿ ಬರಲ್ಲ, ಒಂದೂ ಹೋಗಲ್ಲ. ಆಮೇಲೆ ಗಂಧಕಾಮ್ಲ ಹಾಕಿ 250 ಡಿಗ್ರಿಗೆ ಕಾಯಿಸಿದರೆ ಹೈಡ್ರೋಜನ್ ಬಂದು ಲಿಥಿಯಂನ ಸೀಟು ಹಿಡಿಯುತ್ತೆ, ಎದ್ದ ಲಿಥಿಯಂ ನೀರಲ್ಲಿ ಕರಗುತ್ತೆ. ಕೆಂಪು ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ :-)

ಅಪ್ಪಟ ಸ್ಪೋಡುಮಿನ್ ಆದರೂ 100 ಕೆಜಿಗೆ ಲಿಥಿಯಂ ನಾಲ್ಕು ಕೆಜಿಯೂ ಇಲ್ಲ. ಅಷ್ಟಕ್ಕಾಗಿ ಪೂರ್ತಿ ಕಲ್ಲು ಅಗೀಬೇಕು, ಹುರೀಬೇಕು, ಆಸಿಡ್ ಕುಡಿಸಬೇಕು. ಈ ಉರಿಯ ಖರ್ಚು ದುಬೈ ಕನಸಿನವರ ಲೆಕ್ಕದಲ್ಲಿ ಇರಲೇ ಇಲ್ಲ.

ನಾಗಮಂಗಲದ ನಮ್ಮ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಸ್ಫಟಿಕ, ಜೋಡಣೆ ಎಲ್ಲ ತಾಳ್ಮೆಯಿಂದ ಕೇಳಿದ. ಕೊನೆಗೆ, "ಮಿಕ್ಕ 96 ಕೆಜಿ ಯಾರ ಹೊಲಕ್ಕೆ ಸುರೀತಾರೆ?" ಅಂದ. ಆ ಸೀಮೆಯ ಬ್ಲಾಗಿಗರು ಯಾರಾದರೂ ಇದ್ದರೆ, ನಿಮ್ಮೂರಲ್ಲೂ ಈ ಪ್ರಶ್ನೆ ಯಾರಾದರೂ ಕೇಳ್ತಿದ್ದಾರಾ, ಬರೀರಿ.