ಬೇಸ್ ಗಿಟಾರ್ ಕೊಳ್ಳಲು ಹೋದುದು

ಹಣ ಸಾಲದೆ ವಸ್ತು ಕೊಳ್ಳುವ ಕಷ್ಟ ನಮ್ಮಂಥ ಉಪಾಧ್ಯಾಯರಿಗೆ ಹೊಸತಲ್ಲ. ಹಣ ಧಾರಾಳವಾಗಿದ್ದೂ ಕೊಳ್ಳಲು ತಿಳಿಯದ ಕಷ್ಟವನ್ನು ನಾವು ಈಚೆಗಷ್ಟೆ ಅನುಭವಿಸಿದೆವು. ಶಾಲೆಯ ಗಾಯನವೃಂದಕ್ಕೆಂದು ಹಳೆಯ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟ ಒಂದೂವರೆ ಲಕ್ಷ ರೂಪಾಯಿಗಳಲ್ಲಿ ಒಳ್ಳೆಯದೊಂದು ಬೇಸ್ ಗಿಟಾರನ್ನು ಆರಿಸಿ ತರುವ ಭಾರ ನಮ್ಮ ಮೇಲೆ ಬಿದ್ದಿತು.

ಈ ಭಾರಕ್ಕೆ ನಾವು ತಕ್ಕವರಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನು ಭಾವಗೀತೆಗೆ ಈ ವಾದ್ಯವನ್ನು ನುಡಿಸಬಹುದೇ ಎಂದು ಕೇಳಿದಾಗ, "ಅದು ನಮ್ಮ ವಾದ್ಯವಲ್ಲ" ಎಂದು ಹೇಳಿ ಕಳುಹಿಸಿದವರು ನಾವೇ. ಅವನು ಮತ್ತೆ ವೃಂದದ ಕಡೆಗೆ ಸುಳಿಯಲಿಲ್ಲ. ಈಗ ನುಡಿಸುವವಳು ಹತ್ತನೆಯ ತರಗತಿಯ ಹುಡುಗಿ. ಎರವಲು ಗಿಟಾರಿನಲ್ಲಿ ಕಲಿತವಳು.

ಹೊರಡುವ ಮುನ್ನ ಓದಿ ತಿಳಿದುಕೊಂಡೆವು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೊ ಫೆಂಡರ್ ಎಂಬವರು 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಾದ್ಯವನ್ನು ಮಾರಾಟಕ್ಕೆ ತಂದರು. ಆಳೆತ್ತರದ ಡಬಲ್ ಬೇಸಿಗೆ ಮೆಟ್ಟಿಲುಗಳಿಲ್ಲ. ಸ್ವರಸ್ಥಾನವನ್ನು ಬೆರಳೇ ಅರಸಬೇಕು. ಹೊಸ ವಾದ್ಯಕ್ಕೆ ಮೆಟ್ಟಿಲುಗಳಿದ್ದುದರಿಂದ ಸ್ವರ ನಿಖರವಾಗಿ ನಿಂತಿತು; ಹೆಸರೂ ಅದರಿಂದಲೇ ಬಂದಿತು. ತಂತಿಯ ನುಡಿಯುವ ಉದ್ದ 34 ಅಂಗುಲ. ನಾಲ್ಕು ತಂತಿಗಳಲ್ಲಿ ಅತ್ಯಂತ ಮಂದ್ರವಾದುದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. 1960ರಲ್ಲಿ ಅವರದೇ 'ಜಾಝ್ ಬೇಸ್' ಬಂದಿತು. ಅದರ ದಂಡಿ ತುದಿಯಲ್ಲಿ ಕಿರಿದು, ನಾದವನ್ನು ಹಿಡಿಯುವ ಪಿಕಪ್ಪುಗಳು ಎರಡು.

ಹುಡುಗಿಯನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಮಂಗಳೂರಿನ ಒಂದು ಅಂಗಡಿಗೆ ಹೋದೆವು. ಐದು ತಂತಿಗಳ, ಕನ್ನಡಿಯಂತೆ ಹೊಳೆಯುವ ಗಿಟಾರೊಂದು ಕಣ್ಣಿಗೆ ಬಿದ್ದಿತು. ಬೆಲೆ ನಮ್ಮ ಹಣವನ್ನೆಲ್ಲ ನುಂಗುವಂತಿತ್ತು. ಕೊಟ್ಟವರಿಗೆ ತೋರಿಸಲು ಇದೇ ತಕ್ಕುದೆಂದು ನಾವು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟೆವು.

"ಸರ್, ಒಮ್ಮೆ ನುಡಿಸಿ ನೋಡಲೇ?" ಎಂದಳು ಹುಡುಗಿ.

ಅವಳು ಮೊದಲು ವಿದ್ಯುತ್ತಿನ ಸಂಪರ್ಕವಿಲ್ಲದೆ ನುಡಿಸಿದಳು. ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿ ಮೀಟಿ, ನಾದ ಎಷ್ಟು ಹೊತ್ತು ನಿಲ್ಲುವುದೆಂದು ಆಲಿಸಿದಳು. ಹಲವು ಗಿಟಾರುಗಳಲ್ಲಿ ಅತ್ಯಂತ ತೆಳುವಾದ ತಂತಿಯ ಐದರಿಂದ ಏಳನೆಯ ಮೆಟ್ಟಿಲಿನ ಆಸುಪಾಸಿನಲ್ಲಿ ಸ್ವರ ಬೇಗನೆ ಸಾಯುವುದುಂಟು. ದಂಡಿಯೇ ಕಂಪಿಸಿ ತಂತಿಯ ಬಲವನ್ನು ಕುಡಿದುಬಿಡುತ್ತದೆ. ಬಳಿಕ ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಬರಿದೆ ಸೋಕಿ ಮೀಟಿದ ನಾದಕ್ಕೂ, ಅಲ್ಲಿಯೇ ಒತ್ತಿ ಮೀಟಿದ ನಾದಕ್ಕೂ ಶ್ರುತಿಭೇದವಿದೆಯೇ ಎಂದು ನೋಡಿದಳು. ಕೊನೆಗೆ ಪಟ್ಟಿಯನ್ನು ಹೆಗಲಿಗೆ ಹಾಕಿ ಎರಡು ಕೈಗಳನ್ನೂ ಬಿಟ್ಟಳು. ಹೊಳೆಯುವ ಗಿಟಾರಿನ ತಲೆ ನೆಲದ ಕಡೆಗೆ ವಾಲಿತು. ಪಕ್ಕದಲ್ಲಿದ್ದ ನಾಲ್ಕು ತಂತಿಗಳ, ಎರಡು ಪಿಕಪ್ಪುಗಳ ಸಾದಾ ಗಿಟಾರು ಇಟ್ಟಂತೆಯೇ ನಿಂತಿತು. ಅದರ ಬೆಲೆ ಅರ್ಧದಷ್ಟು.

"ಹಣವಿದೆಯಲ್ಲ ಮಗು, ದೊಡ್ಡದನ್ನೇ ಕೊಳ್ಳೋಣ" ಎಂದೆವು.

"ಐದನೆಯ ತಂತಿಯ ಸ್ವರ ನಮ್ಮ ಶಾಲೆಯ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ, ಸರ್" ಎಂದಳು.

ಅದು ನಿಜ. ಆ ತಂತಿಯ ಕಂಪನ ಸೆಕೆಂಡಿಗೆ ಸುಮಾರು 31. ಸಣ್ಣ ಸ್ಪೀಕರುಗಳು ಅಷ್ಟು ಮಂದ್ರಕ್ಕೆ ಇಳಿಯಲಾರವು. ಆದುದರಿಂದ ಸಾದಾ ಗಿಟಾರನ್ನೇ ಕೊಂಡು, ಉಳಿದ ಹಣದಲ್ಲಿ ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ಗಟ್ಟಿಯಾದ ಪೆಟ್ಟಿಗೆಯನ್ನೂ ಕೊಂಡೆವು. ದಂಡಿಯನ್ನೂ ತಂತಿಗಳ ಎತ್ತರವನ್ನೂ ಬಲ್ಲವರಿಂದ ಸರಿಮಾಡಿಸಿದೆವು. ಲೆಕ್ಕವನ್ನು ದಾನಿಗಳಿಗೆ ಒಪ್ಪಿಸುವಾಗ ನಮಗೆ ಅಳುಕಾಗಲಿಲ್ಲ.

ಮೊದಲ ಅಭ್ಯಾಸದ ದಿನ ಗಿಟಾರು ಬೇರೆಯಾಗಿ ಕಿವಿಗೆ ಬೀಳಲೇ ಇಲ್ಲ. ಆದರೆ ಎರಡನೆಯ ಚರಣಕ್ಕೆ ಬರುವಾಗ ಎಂದೂ ಶ್ರುತಿಯಿಂದ ಜಾರುತ್ತಿದ್ದ ಚಿಕ್ಕ ಮಕ್ಕಳು ಅಂದು ಜಾರಲಿಲ್ಲ. ತಂಬೂರಿಯಿಂದ ನಾವು ಬಯಸುತ್ತಿದ್ದುದೂ ಇದನ್ನೇ ಅಲ್ಲವೇ ಎಂದು ಆಗ ಹೊಳೆಯಿತು.

ಇಂಥ ವಾದ್ಯವನ್ನು ಕೊಳ್ಳಹೋಗುವ ಉಪಾಧ್ಯಾಯ ಬಂಧುಗಳು ಹಣದೊಡನೆ ನುಡಿಸುವ ಮಗುವನ್ನೂ ಕರೆದೊಯ್ಯಲಿ. ಅದರ ಮಾತನ್ನು ಕೇಳಲಿ. ನಾವು ಅಂದು ಕೇಳದೆ ಕಳುಹಿಸಿದ ಹುಡುಗನಿಗೆ ಮೊನ್ನೆ ಒಂದು ಕಾಗದ ಬರೆದೆವು. ಉತ್ತರ ಇನ್ನೂ ಬಂದಿಲ್ಲ.