ಹೊಂಗೆಯ ಕೊಂಬೆ

ನಮ್ಮ ಮನೆಯ ಮುಂದಿನ ಹೊಂಗೆಮರಕ್ಕೆ ವರ್ಷಕ್ಕೊಮ್ಮೆ ಕ್ಷೌರ. ಮುಂಗಾರಿಗೆ ಮೊದಲು ಲೈನ್‌ಮನ್‌ಗಳು ಬಂದು, ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಸವರಿ ರಸ್ತೆಗೆ ಉರುಳಿಸಿ ಹೋಗುತ್ತಾರೆ. ಅವತ್ತು ಬೆಳಗಿನಿಂದ ಸಂಜೆಯವರೆಗೆ ಕರೆಂಟಿಲ್ಲ. ಕರೆಂಟಿಗಾಗಿ ಕೊಂಬೆ ಕಡಿಯುತ್ತಾರೆ, ಕೊಂಬೆ ಕಡಿಯಲೆಂದು ಕರೆಂಟು ತೆಗೆಯುತ್ತಾರೆ! ಮಿಕ್ಸಿ ಮೂಲೆ ಸೇರುತ್ತದೆ, ಚಟ್ನಿಗೆ ಒರಳುಕಲ್ಲೇ ಗತಿ.

ಈ ಸಲವೂ ಹಾಗೇ ಆಯಿತು. ರುಬ್ಬುತ್ತಾ ಕೂತವಳಿಗೆ ಬಾಗಿಲಾಚೆ ಕೊಂಬೆಗಳ ರಾಶಿ ಕಾಣುತ್ತಿತ್ತು. ನಾಲ್ಕು ದಿನ ಅಲ್ಲೇ ಒಣಗಿದ ಮೇಲೆ ಯಾರೋ ಬೆಂಕಿ ಹಚ್ಚುತ್ತಾರೆ, ಬೀದಿಯೆಲ್ಲ ಕೆಮ್ಮುತ್ತದೆ. ನಿಮ್ಮ ಬೀದಿಯಲ್ಲೂ ಇದೇ ಕಥೆಯಲ್ಲವೇ? ಆ ರಾಶಿ ನೋಡುತ್ತಾ ನನಗೆ ಹೊಸಹಳ್ಳಿ ನೆನಪಾಯಿತು.

ಹೊಸಹಳ್ಳಿ ನಮ್ಮ ತುಮಕೂರು ಜಿಲ್ಲೆಯದೇ. ಕುಣಿಗಲ್ ತಾಲೂಕಿನಲ್ಲಿ 40ರ ಸುಮಾರು ಮನೆಗಳಿದ್ದ ಸಣ್ಣ ಊರು. ತಂತಿಯ ಕರೆಂಟು ಕಾಣದಿದ್ದ ಆ ಊರಿನಲ್ಲಿ 1988ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯಿಂದ ವಿದ್ಯುತ್ ತೆಗೆಯುವ ಪುಟ್ಟ ಯಂತ್ರ ಹೂಡಿದರು. ಹಳ್ಳಿಗಳಿಗೆ ಉಪಯೋಗವಾಗಲೆಂದು ಆ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ವಿಭಾಗದ ಕೆಲಸ ಅದು. ಮನೆಗಳಿಗೆ ದೀಪ ಬಂತು. ಆಮೇಲೆ ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿಯೂ ಬಂದವು. ತೊಂಬತ್ತರ ದಶಕದಲ್ಲಿ ನೆಂಟರ ಮದುವೆಗೆಂದು ಆ ಕಡೆ ಹೋದಾಗ ನಾನೂ ನೋಡಿಬಂದಿದ್ದೆ.

ಅದು ನಡೆಯುವ ಬಗೆಯನ್ನು ಕೇಳಿದಾಗ, ಅರೆ, ಇದು ನನಗೆ ಗೊತ್ತಿರುವುದೇ ಅನ್ನಿಸಿತು. ಅಜ್ಜಿಯ ಒಲೆಯಲ್ಲಿ ಗಾಳಿ ಸಾಲದೆ ಸೌದೆ ಬರೀ ಹೊಗೆಯಾಡುತ್ತಿತ್ತು. ಊದುಕೊಳವೆಯಿಂದ ಒಮ್ಮೆ ಊದಿದರೆ ಆ ಹೊಗೆಯೇ ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಯಂತ್ರದಲ್ಲಿ ಬೇಕೆಂದೇ ಗಾಳಿಯನ್ನು ಕಡಿಮೆ ಕೊಟ್ಟು ಸೌದೆಯ ತುಂಡುಗಳನ್ನು ಸುಡುತ್ತಾರೆ. ಹೊಗೆ ಕೆಂಡದ ನಡುವೆ ಹಾದು ಉರಿಯಬಲ್ಲ ಅನಿಲವಾಗುತ್ತದೆ. ಅದನ್ನು ತಣಿಸಿ, ಡಾಂಬರಿನಂಥ ಜಿಗುಟನ್ನೂ ಬೂದಿಯನ್ನೂ ಸೋಸಿ ಎಂಜಿನ್ನಿಗೆ ಬಿಟ್ಟರೆ ಡೀಸೆಲ್ಲಿನ ಬಹುಪಾಲು ಉಳಿಯುತ್ತದೆ. ಒಂದು ಯೂನಿಟ್ ಕರೆಂಟಿಗೆ ಒಂದರಿಂದ ಒಂದೂವರೆ ಕಿಲೋ ಸೌದೆ ಸಾಕು, ಆದರೆ ಅದು ಚೆನ್ನಾಗಿ ಒಣಗಿರಬೇಕು. ಜೋಪಾನವೂ ಬೇಕು. ಆ ಅನಿಲದ ಐದನೆಯ ಒಂದು ಪಾಲಿನಷ್ಟು ಕಾರ್ಬನ್ ಮಾನಾಕ್ಸೈಡ್. ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟರೆ ಸದ್ದಿಲ್ಲದೆ ಜೀವ ತೆಗೆಯುತ್ತದಲ್ಲ, ಅದೇ ವಿಷ.

ಹಳ್ಳಿಯ ಸೌದೆಗೆ ಸಲ್ಲುವುದು ಪೇಟೆಯ ಕೊಂಬೆಗೂ ಸಲ್ಲುತ್ತದೆ. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ 2003ರಲ್ಲಿ ಅಂಥದೇ ಒಂದು ಸ್ಥಾವರ ಶುರುವಾಯಿತು. ಬೀದಿಮರಗಳಿಂದ ಸವರಿದ ಕೊಂಬೆ, ಬಿರುಗಾಳಿಗೆ ಬಿದ್ದ ಮರಗಳನ್ನು ಉರಿಸಿ ಹಬೆಯಿಂದ ವಿದ್ಯುತ್ ತೆಗೆದರು. ಮಿಕ್ಕ ಬಿಸಿಯಲ್ಲಿ ನೀರು ಕಾಯಿಸಿ, ಚಳಿಗಾಲದಲ್ಲಿ ಕಟ್ಟಡಗಳನ್ನು ಬೆಚ್ಚಗಿಟ್ಟರು.

ನಮ್ಮೂರಲ್ಲೂ ಯಾಕಾಗಬಾರದು? ಉತ್ಸಾಹ ತಡೆಯದೆ ಹೊರಗೆ ಬಂದೆ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಮಚ್ಚು ಹಿಡಿದು ಕೊಂಬೆ ಸವರುತ್ತಿದ್ದಳು. ಅವಳಿಗೇ ಎಲ್ಲ ಹೇಳಿದೆ. ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಎಲ್ಲಾ ಮಿಷನ್ನಿಗೆ ಹಾಕ್ಬುಟ್ರೆ ನಮ್ಮ ಒಲೆಗೆ ಏನಕ್ಕಾ ಹಾಕಾದು?"

"ನಿಮ್ಮ ಮನೇಲಿ ಗ್ಯಾಸ್ ಇದೆಯಲ್ಲಮ್ಮಾ?"

"ಐತೆ. ಸಿಲಿಂಡರು ಖಾಲಿಯಾಗಿ ಎರಡು ತಿಂಗಳಾತು. ಮುದ್ದೆಗೂ ನೀರು ಕಾಸಾಕೂ ಇದೇಯ."

ನನ್ನ ಬಾಯಿ ಕಟ್ಟಿತು. ಎಷ್ಟೋ ವರ್ಷಗಳಿಂದ ಆಕೆ ಕೊಂಬೆ ಎತ್ತಿಕೊಂಡು ಹೋಗುವುದನ್ನು ನೋಡಿದ್ದೇನೆ. ಪಾಪ, ಬೀದಿ ಚೊಕ್ಕಟವಾಯಿತು ಎಂದುಕೊಂಡಿದ್ದೆನೇ ಹೊರತು ಅದು ಅವಳ ಮನೆಯ ಅಡುಗೆ ಎಂದು ಹೊಳೆದಿರಲಿಲ್ಲ. ನಾನು ಕಸ ಎಂದದ್ದನ್ನು ಅವಳು ಸೌದೆ ಎನ್ನುತ್ತಿದ್ದಳು.

ಹೊಸಹಳ್ಳಿಯಲ್ಲಿ ಈ ಮಾತನ್ನು ಮೊದಲೇ ಯೋಚಿಸಿದ್ದರು. ಯಂತ್ರಕ್ಕೆಂದೇ ಬೇರೆ ಜಾಗದಲ್ಲಿ ಮರ ಬೆಳೆಸಿದ್ದರು, ಹೆಂಗಸರ ಒಲೆಯ ಸೌದೆಗೆ ಕೈಹಾಕಲಿಲ್ಲ. ನನಗೆ ನೆನಪಿದ್ದದ್ದು ಯಂತ್ರ ಮಾತ್ರ, ಆ ಮರಗಳಲ್ಲ. ನಮ್ಮೂರಿಗೂ ಇಂಥದು ಬರಲಿ ಎಂಬ ಆಸೆ ನನಗೆ ಈಗಲೂ ಇದೆ. ಆದರೆ ಮೊದಲು ಅವಳ ಹೊರೆ ತುಂಬಲಿ. ಯಾರಿಗೂ ಬೇಡವಾಗಿ ಬೀದಿಯಲ್ಲಿ ಸುಟ್ಟುಹೋಗುವುದು ಯಂತ್ರಕ್ಕೆ ಸೇರಲಿ. ಬಣ್ಣ ಬಳಿದ ಹಳೇ ಕಿಟಕಿ, ಪ್ಲೈವುಡ್ ಚೂರು ಮಾತ್ರ ಎರಡಕ್ಕೂ ಬೇಡ, ಅವುಗಳ ಹೊಗೆ ವಿಷ.

ಹೊರೆ ಕಟ್ಟಲು ನಾನೂ ಒಂದು ಕೈ ಕೊಟ್ಟೆ. ಹಸಿ ಕೊಂಬೆ ಹೊತ್ತು ಯಾಕೆ ಒದ್ದಾಡುವುದು, ನಮ್ಮ ಕಾಂಪೌಂಡಿನಲ್ಲೇ ಒಣಗಲಿ ಎಂದೆ. ಈಗ ಹಿತ್ತಿಲ ಗೋಡೆಗೆ ಹೊಂಗೆಯ ಹೊರೆಗಳು ಒರಗಿ ನಿಂತಿವೆ. ದಿನಕ್ಕೊಂದು ಒಯ್ಯುತ್ತಾಳೆ.